ಔಷಧರಹಿತ ಪ್ರಸವ: ಎಲ್ಲಿ ಆಗಬೇಕು, ಯಾರ ಆಶ್ರಯದಲ್ಲಿ?

ಪ್ರಶ್ನೆಯ ಸ್ವರೂಪ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ನಮ್ಮಲ್ಲಿ ರೂಢಿಗೆ ಬಂದ ಕಾಲದಲ್ಲಿ, ಆ ಹೆರಿಗೆ ಎಲ್ಲಿ ಆಗಬೇಕು, ಅದನ್ನು ಯಾರು ಮಾಡಿಸಬೇಕು ಎಂಬ ವಿಚಾರಕ್ಕೆ ಆಸ್ಪದವೇ ಇರಲಿಲ್ಲ. ಚೊಚ್ಚಲಾದರೆ ತವರಿನ ಒಳಕೋಣೆ, ಊರಿಗೆ ಪರಿಚಿತಳಾದ ಸೂಲಗಿತ್ತಿ, ನೆರೆಹೊರೆಯ ನಾಲ್ವರು ಅನುಭವಸ್ಥೆಯರು, ಇಷ್ಟರಲ್ಲಿ ಎಲ್ಲವೂ ನಿಶ್ಚಿತವಾಗಿತ್ತು. ಇಂದು ನಿಶ್ಚಯವು ವಿರುದ್ಧ ದಿಕ್ಕಿನಲ್ಲಿ ಅಷ್ಟೇ ದೃಢವಾಗಿದೆ: ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ೯೭ ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಈ ಎರಡು ನಿಶ್ಚಯಗಳ ನಡುವೆ, ಔಷಧದ ನೆರವಿಲ್ಲದೆ ತನ್ನ ಬಲದಿಂದಲೇ ಹೆರಬೇಕೆಂದು ಸಂಕಲ್ಪಿಸುವ ಹೆಣ್ಣುಮಗಳೊಬ್ಬಳು ವೈದ್ಯರನ್ನೂ ಸ್ಥಳವನ್ನೂ ತಾನೇ ಆರಿಸಿಕೊಳ್ಳಲು ಹೊರಟಾಗ ಏಳುವ ಪ್ರಶ್ನೆಗಳು ಹಲವು. ಅವುಗಳಿಗೆ ದೊರೆಯುವ ಉತ್ತರಗಳು ಪರಸ್ಪರ ವಿರುದ್ಧವಾದವು.

ವಿವಾದವು ಕಗ್ಗಂಟಾಗಲು ಒಂದು ಕಾರಣವನ್ನು ಮೊದಲೇ ಬಿಡಿಸಿಕೊಳ್ಳುವುದು ಉಚಿತ. ಹೆರಿಗೆಯ ಸಮಯದಲ್ಲಿ ಪ್ರಯೋಗವಾಗುವ ಔಷಧಗಳು ಮೂರು ಬಗೆಯವು. ನೋವನ್ನು ಕಳೆಯುವಂಥವು ಒಂದು ಬಗೆ. ಬೆನ್ನುಮೂಳೆಯ ಸಂದಿಗೆ ಕೊಡುವ ಎಪಿಡ್ಯೂರಲ್ ಇವುಗಳಲ್ಲಿ ಮುಖ್ಯವಾದದ್ದು. ನೋವನ್ನು ಬರಿಸುವಂಥವು ಎರಡನೆಯ ಬಗೆ. ಗ್ಲೂಕೋಸಿನ ಬಾಟಲಿಯೊಳಗಿಂದ ಹನಿಹನಿಯಾಗಿ ಇಳಿಯುವ ಆಕ್ಸಿಟೋಸಿನ್ ಇದಕ್ಕೆ ಉದಾಹರಣೆ. ಅದೇ ಆಕ್ಸಿಟೋಸಿನ್ ಮಗು ಹುಟ್ಟಿದೊಡನೆ, ಕಸ ಬೀಳುವ ಮುನ್ನ, ರಕ್ತಸ್ರಾವವನ್ನು ತಡೆಯಲೆಂದು ೧೦ ಯೂನಿಟ್ಟಿನ ಒಂದೇ ಚುಚ್ಚುಮದ್ದಾಗಿ ಬಂದಾಗ ಅದು ಮೂರನೆಯ ಬಗೆ. ಯೂರೋಪು ಅಮೆರಿಕಗಳ ಸ್ತ್ರೀ ಔಷಧ ಬೇಡವೆಂದಾಗ ಆಕೆಯ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಮೊದಲನೆಯದು. ನಮ್ಮ ಸರ್ಕಾರಿ ಆಸ್ಪತ್ರೆಯ ಲೇಬರ್ ವಾರ್ಡಿನಲ್ಲಾದರೋ ಮೊದಲನೆಯದು ಬೇಡಿದರೂ ದೊರೆಯುವುದು ಅಪರೂಪ, ಎರಡನೆಯದು ಬೇಡದೆಯೇ ಬರುವುದುಂಟು. ಮೂರನೆಯದನ್ನು ವಿಶ್ವ ಆರೋಗ್ಯ ಸಂಸ್ಥೆಯು ಎಲ್ಲ ಬಾಣಂತಿಯರಿಗೂ ವಿಧಿಸಿದೆ. ಆದಕಾರಣ ಔಷಧರಾಹಿತ್ಯವು ಒಂದು ವರ್ಗಕ್ಕೆ ಆಯ್ಕೆಯಾಗಿಯೂ ಮತ್ತೊಂದು ವರ್ಗಕ್ಕೆ ವಿಧಿಯಾಗಿಯೂ ಇರುವ ನಾಡಿನಲ್ಲಿ ನಾವು ಈ ಚರ್ಚೆಯನ್ನು ನಡೆಸುತ್ತಿದ್ದೇವೆಂಬುದನ್ನು ಮರೆಯತಕ್ಕದ್ದಲ್ಲ.

ಪ್ರಾಚೀನ ಪದ್ಧತಿಯ ಎರಡು ಮುಖಗಳು

ಪ್ರಸವದ ಸ್ಥಳವನ್ನೂ ಪರಿಚಾರಕರನ್ನೂ ಮುಂಚಿತವಾಗಿ ನಿಶ್ಚಯಿಸಬೇಕೆಂಬ ವಿವೇಕವು ನಮಗೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನವು ಒಂಬತ್ತನೆಯ ತಿಂಗಳಿಗೆ ಮುಂಚೆಯೇ ಸೂತಿಕಾಗಾರವನ್ನು ಸಿದ್ಧಪಡಿಸಬೇಕೆಂದು ಹೇಳಿ, ಅಲ್ಲಿ ಇರಬೇಕಾದ ಹೆಂಗಸರು ಹಲವು ಸಲ ಹೆತ್ತವರೂ ಸ್ನೇಹಶೀಲರೂ ಆಗಿರಬೇಕೆಂದು ವಿವರಿಸುತ್ತದೆ. ಸುಶ್ರುತನು ಪ್ರಬುದ್ಧ ವಯಸ್ಸಿನ, ಪ್ರಸವಕಾರ್ಯದಲ್ಲಿ ನಿಪುಣೆಯರಾದ, ಉಗುರು ಕತ್ತರಿಸಿಕೊಂಡ ನಾಲ್ವರು ಸ್ತ್ರೀಯರನ್ನು ವಿಧಿಸುತ್ತಾನೆ. ಆತ್ಮೀಯತೆ, ಅನುಭವ, ಕೈಯ ಶೌಚ, ಈ ಮೂರನ್ನೂ ಒಟ್ಟಿಗೆ ಬೇಡಿದ ಆ ಶಾಸ್ತ್ರಕಾರರ ದೃಷ್ಟಿಯಿಂದ ನೋಡಿದರೆ, ಮುಂದಿನ ಶತಮಾನಗಳ ಕಥೆಯೆಲ್ಲ ಈ ಮೂರರಲ್ಲಿ ಒಂದನ್ನು ಹಿಡಿದು ಮತ್ತೊಂದನ್ನು ಕೈಬಿಟ್ಟ ಕಥೆಯೇ ಆಗಿದೆ.

ಮೊದಲ ಎರಡನ್ನು ನಮ್ಮ ಸೂಲಗಿತ್ತಿಯರು ಕಾಪಾಡಿಕೊಂಡು ಬಂದರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ಅಜ್ಜಿಯಿಂದ ಕಲಿತ ವಿದ್ಯೆಯಿಂದ, ಪ್ರತಿಫಲವನ್ನು ಬಯಸದೆ, ೧೫,೦೦೦ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರಾದರು; ೨೦೧೮ರಲ್ಲಿ ಪದ್ಮಶ್ರೀ ಗೌರವವನ್ನು ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥವರ ವಿದ್ಯೆಯ ತಿರುಳು ಕಾಯುವುದರಲ್ಲಿತ್ತು. ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ಇರುವಿಕೆಯನ್ನು ತಿಳಿಯುವುದು, ಬೇನೆ ಬಂದಾಗ ಸೊಂಟ ನೀವುವುದು, ಗರ್ಭಿಣಿಯನ್ನು ನಡೆದಾಡಿಸುವುದು, ಕುಕ್ಕುರುಗಾಲಿನಲ್ಲಿ ಕೂರಿಸುವುದು, ಹೊತ್ತಿಗೆ ಮುನ್ನ ಮುಕ್ಕರಿಸಗೊಡದಿರುವುದು.

ಆದರೆ ಆ ಪದ್ಧತಿಯ ಮತ್ತೊಂದು ಮುಖವನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ಹೆರಿಗೆಯನ್ನು ಮೈಲಿಗೆಯೆಂದೆಣಿಸಿದ ಸಮಾಜವು ಗಾಳಿಬೆಳಕಿಲ್ಲದ ಕೋಣೆಯನ್ನು ಅದಕ್ಕೆ ಮೀಸಲಾಗಿಟ್ಟಿತು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಹಚ್ಚುವ ವಾಡಿಕೆ ಎಷ್ಟೋ ಕಡೆ ಇದ್ದು, ಅದರಿಂದ ತಗಲುವ ಧನುರ್ವಾಯುವಿಗೆ ಅಸಂಖ್ಯ ಶಿಶುಗಳು ತುತ್ತಾದವು. ಲಸಿಕೆ, ಶುಚಿಯಾದ ಹೆರಿಗೆ ಇವುಗಳ ಫಲವಾಗಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವಿನ ನಿವಾರಣೆಯನ್ನು ಸಾಧಿಸಿತೆಂಬ ಮನ್ನಣೆ ದೊರೆತದ್ದು ೨೦೧೫ರಲ್ಲಿ. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣದ ಪ್ರಮಾಣವು ಕರ್ನಾಟಕದಲ್ಲಿ ೨೦೦೧–೦೩ರಲ್ಲಿ ೨೨೮ ಇದ್ದದ್ದು ೨೦೧೮–೨೦ರ ವೇಳೆಗೆ ೬೯ಕ್ಕೆ ಇಳಿಯಿತು. ಮನೆಯ ಹೆರಿಗೆಯನ್ನು ಸುವರ್ಣಯುಗದಂತೆ ಚಿತ್ರಿಸುವವರು ಈ ಅಂಕಿಗಳಿಗೆ ಉತ್ತರ ಹೇಳಲೇಬೇಕು.

ಆಸ್ಪತ್ರೆಯ ಆಗಮನ

ಆಸ್ಪತ್ರೆಯೂ ಆರಂಭದಲ್ಲಿ ಅಭಯಸ್ಥಾನವಾಗಿರಲಿಲ್ಲ. ವಿಯೆನ್ನಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯರೂ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದ ವಿಭಾಗದ ಬಾಣಂತಿಯರು, ಸೂಲಗಿತ್ತಿಯರು ನೋಡಿಕೊಳ್ಳುತ್ತಿದ್ದ ವಿಭಾಗದವರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಸಾಯುತ್ತಿದ್ದರು. ಹೆಣಗಳನ್ನು ಕೊಯ್ದು ಬಂದ ಕೈಗಳೇ ಬಾಣಂತಿಯರನ್ನು ಕೊಲ್ಲುವ ಜ್ವರವನ್ನು ಹೊತ್ತು ತರುತ್ತಿವೆಯೆಂದು ಅಲ್ಲಿಯ ವೈದ್ಯ ಸೆಮ್ಮೆಲ್‌ವೈಸ್ ೧೮೪೭ರಲ್ಲಿ ಊಹಿಸಿ, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ಕಟ್ಟಳೆಯನ್ನು ತಂದೊಡನೆ ಮರಣಗಳು ಇಳಿದವು. ಅದೇ ವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಯಂಗ್ ಸಿಂಪ್ಸನ್ ಮೊದಲು ಈಥರನ್ನೂ ಆಮೇಲೆ ಕ್ಲೋರೋಫಾರ್ಮನ್ನೂ ಹೆರಿಗೆಗೆ ಬಳಸಿದನು. ೧೮೫೩ರಲ್ಲಿ ವಿಕ್ಟೋರಿಯಾ ರಾಣಿಯೇ ಜಾನ್ ಸ್ನೋ ಕೊಟ್ಟ ಕ್ಲೋರೋಫಾರ್ಮನ್ನು ಸೇವಿಸಿದ್ದರಿಂದ ಧಾರ್ಮಿಕ ಆಕ್ಷೇಪಗಳು ಬಲಗುಂದಿದವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಫ್ರೈಬರ್ಗಿನಿಂದ ಹೊರಟ ‘ಮಬ್ಬುನಿದ್ರೆ’ಯ ವಿಧಾನವು ಮಾರ್ಫಿನ್, ಸ್ಕೋಪೊಲಮೀನುಗಳಿಂದ ನೋವನ್ನಲ್ಲ, ನೋವಿನ ನೆನಪನ್ನು ಅಳಿಸಿತು. ಅಮೆರಿಕದ ಹೆಂಗಸರು ಸಂಘ ಕಟ್ಟಿಕೊಂಡು ಅದನ್ನು ಹಕ್ಕೆಂದು ಕೇಳಿದರೆಂಬುದು, ಔಷಧವನ್ನು ಪುರುಷವೈದ್ಯರು ಬಲವಂತವಾಗಿ ಹೇರಿದರೆಂಬ ಸರಳ ಕಥನವನ್ನು ಒಪ್ಪದೆ ನಿಲ್ಲುವ ಸಂಗತಿ. ೧೯೨೦ರಲ್ಲಿ ಷಿಕಾಗೋದ ಜೋಸೆಫ್ ಡಿಲೀ, ತೊಡಕಿಲ್ಲದ ಹೆರಿಗೆಯಲ್ಲಿಯೂ ಕತ್ತರಿ ಹಾಕಿ ಚಿಮಟದಿಂದ ಮಗುವನ್ನು ತೆಗೆಯುವುದೇ ಕ್ಷೇಮವೆಂದು ವಾದಿಸಿದಾಗ, ಪ್ರಸವವು ಸಹಜಕ್ರಿಯೆಯ ಪಂಕ್ತಿಯಿಂದ ವ್ಯಾಧಿಗಳ ಪಂಕ್ತಿಗೆ ಬಂದು ಕುಳಿತಂತಾಯಿತು.

ನಮ್ಮಲ್ಲಿ ಈ ಚರಿತ್ರೆಯ ಗತಿ ಬೇರೆ. ೧೮೮೫ರ ಡಫರಿನ್ ನಿಧಿಯು ಸ್ತ್ರೀವೈದ್ಯರನ್ನೂ ಹೆಂಗಸರ ಆಸ್ಪತ್ರೆಗಳನ್ನೂ ಒದಗಿಸಲು ಯತ್ನಿಸಿತು. ೧೯೦೩ರಲ್ಲಿ ಲೇಡಿ ಕರ್ಜನ್ ಸ್ಥಾಪಿಸಿದ ನಿಧಿಯು ಸೂಲಗಿತ್ತಿಯರಿಗೇ ತರಬೇತಿ ಕೊಡಹೊರಟಿತು. ೧೯೪೬ರ ಭೋರ್ ಸಮಿತಿಯ ವರದಿಯೂ ಆ ತರಬೇತಿಯನ್ನು ತಾತ್ಕಾಲಿಕ ಉಪಾಯವಾಗಿ ಒಪ್ಪಿತು. ತಾತ್ಕಾಲಿಕವೆಂದು ಒಪ್ಪಿದ್ದು ಅರ್ಧ ಶತಮಾನಕ್ಕೂ ಮೀರಿ ನಡೆದು, ೨೦೦೫ರಲ್ಲಿ ಜನನಿ ಸುರಕ್ಷಾ ಯೋಜನೆಯು ಆಸ್ಪತ್ರೆಗೆ ಬಂದು ಹೆರುವವರಿಗೆ ಧನಸಹಾಯವನ್ನು ಘೋಷಿಸಿದ ಮೇಲೆ ನಿಂತುಹೋಯಿತು. ಆಶಾ ಕಾರ್ಯಕರ್ತೆಯೂ ತಾಯಿ ಕಾರ್ಡೂ ೧೦೮ರ ವಾಹನವೂ ಸೇರಿ ಎರಡು ದಶಕಗಳೊಳಗೆ ಮಾಡಿದ ಬದಲಾವಣೆಯನ್ನು ಯೂರೋಪಿನ ದೇಶಗಳು ಮಾಡಲು ಬಹುಕಾಲ ಹಿಡಿದಿತ್ತು.

ಭಯನಿವಾರಣೆಯ ಪಂಥ

ಔಷಧವನ್ನು ಬಿಡುವ ಪಕ್ಷದಲ್ಲಿ ಮೊದಲು ಸಿದ್ಧಾಂತವನ್ನು ಕಟ್ಟಿದವನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ, ಈ ಚಕ್ರವನ್ನು ತಿಳಿವಳಿಕೆಯಿಂದಲೂ ಶಿಥಿಲೀಕರಣದಿಂದಲೂ ಮುರಿಯಬಹುದೆಂದು ಅವನು ೧೯೩೩ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದನು. ೧೯೫೧ರಲ್ಲಿ ಸೋವಿಯತ್ ದೇಶವನ್ನು ಸಂದರ್ಶಿಸಿದ ಫ್ರಾನ್ಸಿನ ಫೆರ್ನಾಂ ಲಮಾಜ್, ಪಾವ್ಲೋವನ ತತ್ತ್ವವನ್ನನುಸರಿಸಿದ ಉಸಿರಾಟದ ಅಭ್ಯಾಸಗಳನ್ನು ಪ್ಯಾರಿಸಿಗೆ ತಂದನು. ಅಮೆರಿಕದ ರಾಬರ್ಟ್ ಬ್ರ್ಯಾಡ್ಲಿ ೧೯೬೫ರಲ್ಲಿ ಗಂಡನನ್ನೇ ಹೆರಿಗೆಯ ಕೋಣೆಗೆ ಶಿಕ್ಷಕನನ್ನಾಗಿ ಕರೆತಂದನು.

ಈ ಪಂಥವು ಚೆನ್ನಾಗಿ ವಿವರಿಸುವ ಸಂಗತಿಯೊಂದುಂಟು: ಒಂದೇ ಬಗೆಯ ಬೇನೆಯನ್ನು ಒಬ್ಬಳು ಸಹಿಸುವುದೂ ಮತ್ತೊಬ್ಬಳು ತಾಳಲಾರದೆ ಹೋಗುವುದೂ ಶರೀರದಿಂದ ಮಾತ್ರ ನಿರ್ಣಯವಾಗುವುದಿಲ್ಲ. ಇದರ ದೌರ್ಬಲ್ಯವೂ ಅಲ್ಲಿಯೇ ಇದೆ. ನೋವು ಭಯದ ಮಗುವೆಂದ ಮೇಲೆ, ನೊಂದು ಔಷಧ ಬೇಡಿದವಳು ಧೈರ್ಯಗೆಟ್ಟವಳೆಂಬ ಅಪವಾದವು ಹಿಂಬಾಲಿಸಿಯೇ ಬರುತ್ತದೆ. ‘ಅನಾಗರಿಕ’ ಜನಾಂಗಗಳ ಹೆಂಗಸರು ನೋವಿಲ್ಲದೆ ಹೆರುತ್ತಾರೆಂಬ ಡಿಕ್-ರೀಡನ ಕಲ್ಪನೆಗಂತೂ ನಮ್ಮ ಯಾವ ಲೇಬರ್ ವಾರ್ಡೂ ಸಾಕ್ಷಿ ನುಡಿಯದು.

ಸಾನ್ನಿಧ್ಯದ ಪಂಥ

ಎರಡನೆಯ ಪಂಥದವರು ಹೆರುವವಳ ಮನಸ್ಸನ್ನು ತಿದ್ದುವುದಕ್ಕಿಂತ ಆಕೆಯ ಸುತ್ತಲಿನವರನ್ನು ಬದಲಿಸುವುದರಲ್ಲಿ ನಂಬಿಕೆಯಿಟ್ಟವರು. ಟೆನೆಸ್ಸಿಯ ‘ಫಾರ್ಮ್’ ಎಂಬ ಸಮುದಾಯದಲ್ಲಿ ೧೯೭೧ರಿಂದ ಸೂಲಗಿತ್ತಿಯಾಗಿ ದುಡಿದ ಐನಾ ಮೇ ಗ್ಯಾಸ್ಕಿನ್, ಫ್ರಾನ್ಸಿನ ಪಿಥಿವಿಯೇ ಆಸ್ಪತ್ರೆಯಲ್ಲಿ ಮಂದಬೆಳಕು, ನೀರಿನ ತೊಟ್ಟಿ, ಮೌನ ಇವುಗಳನ್ನು ಏರ್ಪಡಿಸಿದ ಮಿಷೆಲ್ ಒದೆನ್ ಈ ಪಕ್ಷದ ಪ್ರಸಿದ್ಧರು. ಭೀತಿಯಾದಾಗ ಸ್ರವಿಸುವ ಅಡ್ರಿನಲಿನ್ ದೇಹವು ತಾನಾಗಿ ಉತ್ಪಾದಿಸುವ ಆಕ್ಸಿಟೋಸಿನ್ನಿಗೆ ಅಡ್ಡಿಯಾಗುತ್ತದೆಂಬುದೂ, ಹೆರುವವಳಿಗೆ ಬೇಕಾದುದು ಪ್ರೇಕ್ಷಕರಿಲ್ಲದ ಏಕಾಂತವೆಂಬುದೂ ಒದೆನ್ನನ ವಾದ.

ಈ ಪಕ್ಷಕ್ಕೆ ಪುಷ್ಟಿಕೊಟ್ಟ ಪ್ರಯೋಗಗಳಲ್ಲಿ ಒಂದು ಗ್ವಾಟೆಮಾಲದಲ್ಲಿ ನಡೆದು ೧೯೮೦ರಲ್ಲಿ ಪ್ರಕಟವಾಯಿತು. ಗದ್ದಲದ ಆಸ್ಪತ್ರೆಯೊಂದರಲ್ಲಿ ಚೊಚ್ಚಲ ಗರ್ಭಿಣಿಯರ ಪೈಕಿ ಕೆಲವರಿಗೆ, ವೈದ್ಯಕೀಯವನ್ನು ಅರಿಯದ ಒಬ್ಬ ಹೆಂಗಸನ್ನು ಬೆನ್ನು ನೀವಿ ಮಾತನಾಡಿಸುತ್ತ ಕೊನೆಯವರೆಗೂ ಜೊತೆಯಲ್ಲಿರುವಂತೆ ಗೊತ್ತುಮಾಡಿದಾಗ, ತೊಡಕಿಲ್ಲದೆ ಹೆತ್ತವರಲ್ಲಿ ಆ ಜೊತೆ ಪಡೆದವರ ಬೇನೆಯ ಅವಧಿ ಉಳಿದವರದಕ್ಕಿಂತ ಅರ್ಧದಷ್ಟೂ ಇರಲಿಲ್ಲ. ಅದು ಪುಟ್ಟ ಪ್ರಯೋಗ. ಆದರೆ ೨೦೧೭ರ ಕಾಕ್ರೇನ್ ಸಮೀಕ್ಷೆಯು ೨೬ ಪ್ರಯೋಗಗಳನ್ನು, ೧೫,೦೦೦ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡು, ಅವಿಚ್ಛಿನ್ನವಾದ ಜೊತೆಯಿಂದ ಸಿಸೇರಿಯನ್ನೂ ನೋವಿನ ಔಷಧವೂ ಕಡಮೆಯಾಗುವುವೆಂದು ತಿಳಿಸಿತು. ಬಸಿರಿನ ಕಾಲದಿಂದ ಹೆರಿಗೆಯವರೆಗೆ ಪರಿಚಿತಳಾದ, ಶಾಸ್ತ್ರೀಯ ಶಿಕ್ಷಣ ಪಡೆದ ಮಿಡ್‌ವೈಫ್ ಒಬ್ಬಳೇ ನೋಡಿಕೊಳ್ಳುವ ಕ್ರಮಕ್ಕೂ ಇಂಥದೇ ಸಾಕ್ಷ್ಯವಿದೆ. ಆದರೆ ಕಾಯುವುದು ಅಪಾಯವಾಗುವ ಗಳಿಗೆ ಯಾವುದೆಂದು ಗುರುತಿಸುವ ವಿಚಾರದಲ್ಲಿ ಈ ಪಂಥದ ಭಕ್ತರೆಲ್ಲ ಸಮಾನವಾಗಿ ಜಾಗರೂಕರಲ್ಲ.

ಸುರಕ್ಷಾವಾದಿಗಳ ಪಂಥ

ಮೂರನೆಯವರು ಪ್ರಸೂತಿಶಾಸ್ತ್ರಜ್ಞರು, ಇವರ ವಾದದ ಬೇರು ಅಪರೂಪದ ಆದರೆ ಅತಿಶೀಘ್ರವಾದ ವಿಪತ್ತುಗಳಲ್ಲಿದೆ. ಹೆರಿಗೆಯಾದ ಮೇಲೆ ಗರ್ಭಕೋಶವು ಕುಗ್ಗದೆ ಸುರಿಯತೊಡಗುವ ರಕ್ತವು, ಎಲ್ಲವೂ ಸುಸೂತ್ರವಾಗಿದ್ದ ಆರೋಗ್ಯವಂತೆಯನ್ನೂ ಎರಡು ಗಂಟೆಯೊಳಗೆ ಕೊಲ್ಲಬಲ್ಲದು. ಯಾರಿಗೆ ಹೀಗಾಗುವುದೆಂದು ಮೊದಲೇ ಹೇಳಬಲ್ಲವರಿಲ್ಲ. ಆದುದರಿಂದ ಎಲ್ಲರೂ ರಕ್ತನಿಧಿ, ಅರಿವಳಿಕೆ, ಶಸ್ತ್ರಶಾಲೆಗಳ ಸಮೀಪದಲ್ಲಿಯೇ ಹೆರಬೇಕೆಂಬುದು ಇವರ ನಿಲುವು. ಬ್ರಿಟನ್ನಿನ ಪೀಲ್ ವರದಿಯು ೧೯೭೦ರಲ್ಲಿ ಇದೇ ತರ್ಕದಿಂದ ಎಲ್ಲ ಹೆರಿಗೆಗಳಿಗೂ ಆಸ್ಪತ್ರೆಯ ಸೌಲಭ್ಯವಿರಬೇಕೆಂದು ಸೂಚಿಸಿತು. ೨೦೧೮ರಲ್ಲಿ ತಿರುಪ್ಪೂರಿನಲ್ಲಿ ವಿಡಿಯೋಗಳನ್ನು ನೋಡಿಕೊಂಡು ಮನೆಯಲ್ಲಿಯೇ ಹೆರಿಗೆಗೆ ತೊಡಗಿದ ತರುಣಿಯೊಬ್ಬಳು ರಕ್ತಸ್ರಾವದಿಂದ ಮಡಿದಾಗ, ಈ ವಾದಕ್ಕೆ ಬೇರೆ ಸಮರ್ಥನೆ ಬೇಕಿರಲಿಲ್ಲ.

ವಿಪತ್ತನ್ನು ವಿವರಿಸಬಲ್ಲ ಈ ಪಂಥವು ತಾನೇ ಉಂಟುಮಾಡುವ ವಿಪರೀತವನ್ನು ವಿವರಿಸಲಾರದು. ಮಗುವಿನ ಎದೆಬಡಿತವನ್ನು ಯಂತ್ರದಿಂದ ನಿರಂತರವಾಗಿ ದಾಖಲಿಸುವುದರಿಂದ ಶಿಶುಗಳಿಗೆ ಬರುವ ಸೆಳವು ಅರ್ಧಕ್ಕಿಳಿದರೂ ಶಿಶುಮರಣವಾಗಲಿ ಮೆದುಳಿನ ಊನವಾಗಲಿ ತಗ್ಗಿದ್ದು ಕಾಣಲಿಲ್ಲ. ಸಿಸೇರಿಯನ್ ಮಾತ್ರ ಹೆಚ್ಚಿತು. ಗಂಟೆಗೆ ಒಂದು ಸೆಂಟಿಮೀಟರಿನಂತೆ ಗರ್ಭದ್ವಾರ ತೆರೆಯಬೇಕೆಂಬ ನಿಯಮವು ಪ್ರಸೂತಿವೈದ್ಯ ಫ್ರೀಡ್‌ಮನ್ನನ ೧೯೫೦ರ ದಶಕದ ನಕ್ಷೆಯಿಂದ ಬೆಳೆದು ಎಷ್ಟೋ ಜನರಿಗೆ ನೋವು ಬರಿಸುವ ಇಂಜೆಕ್ಷನ್ ಕೊಡಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಆ ನಿಯಮವನ್ನು ಕೈಬಿಟ್ಟು, ನಿಜವಾದ ಬೇನೆಯ ಘಟ್ಟವನ್ನು ೫ ಸೆಂಟಿಮೀಟರಿನಿಂದ ಎಣಿಸಬೇಕೆಂದೂ ಚೊಚ್ಚಲಿನವಳಿಗೆ ಆ ಘಟ್ಟವು ೧೨ ಗಂಟೆಯವರೆಗೂ ನಡೆಯಬಹುದೆಂದೂ ಹೇಳಿತು.

ಸ್ಥಳವನ್ನು ಕುರಿತ ಅಂಕಿಸಂಖ್ಯೆಗಳು

ಮನೆಯೋ ಆಸ್ಪತ್ರೆಯೋ ಎಂಬ ವಾದವನ್ನು ಅಂಕಿಗಳಿಂದ ಪರೀಕ್ಷಿಸಿದ ಮುಖ್ಯ ಅಧ್ಯಯನವು ಇಂಗ್ಲೆಂಡಿನದು. ೨೦೧೧ರಲ್ಲಿ ಪ್ರಕಟವಾದ ಅದು ಅಪಾಯದ ಲಕ್ಷಣಗಳಿಲ್ಲದ ೬೪,೦೦೦ಕ್ಕೂ ಹೆಚ್ಚು ಹೆಂಗಸರನ್ನು ಅನುಸರಿಸಿತು. ಎರಡನೆಯ ಅಥವಾ ಮುಂದಿನ ಹೆರಿಗೆಯಾದರೆ ಮನೆಯಲ್ಲಿ ಹೆರಲು ಯೋಜಿಸಿದವರ ಶಿಶುಗಳಿಗೂ ಆಸ್ಪತ್ರೆಯವರ ಶಿಶುಗಳಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಾದರೆ ಮರಣ ಅಥವಾ ತೀವ್ರ ತೊಂದರೆಯ ಪ್ರಮಾಣವು ಆಸ್ಪತ್ರೆಯಲ್ಲಿ ಸಾವಿರಕ್ಕೆ ೫.೩, ಮನೆಯಲ್ಲಿ ೯.೩. ಮಿಡ್‌ವೈಫರೇ ನಡೆಸುವ ಹೆರಿಗೆ ಮನೆಗಳಲ್ಲಿ ಶಿಶುಗಳ ಅಪಾಯ ಹೆಚ್ಚಿರಲಿಲ್ಲ, ಶಸ್ತ್ರಪ್ರಯೋಗವೋ ಬಹಳ ಕಡಮೆ. ಮನೆಯಲ್ಲಿ ತೊಡಗಿದ ಚೊಚ್ಚಲು ಗರ್ಭಿಣಿಯರಲ್ಲಿ ನೂರಕ್ಕೆ ೪೫ ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತೆಂಬುದು, ಈ ಎಲ್ಲದರಲ್ಲಿಯೂ ಹೆಚ್ಚು ಚಿಂತನೆಗೆ ಯೋಗ್ಯವಾದ ಅಂಕಿ.

ನೆದರ್ಲೆಂಡ್ಸಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ ೨೦೦೯ರ ಅಧ್ಯಯನವು ಮನೆಗೂ ಆಸ್ಪತ್ರೆಗೂ ಭೇದ ಕಾಣಲಿಲ್ಲ. ಅಮೆರಿಕದ ಆರಿಗನ್ ಸಂಸ್ಥಾನದ ೨೦೧೫ರ ಅಧ್ಯಯನದಲ್ಲಾದರೋ ಆಸ್ಪತ್ರೆಯ ಹೊರಗೆ ಹೆರಲು ಯೋಜಿಸಿದವರ ಶಿಶುಮರಣ ಸಾವಿರಕ್ಕೆ ೩.೯, ಒಳಗಿನವರದು ೧.೮, ಸಿಸೇರಿಯನ್ ಹೊರಗಿನವರಲ್ಲಿ ನೂರಕ್ಕೆ ೫.೩, ಒಳಗಿನವರಲ್ಲಿ ೨೪.೭. ಒಂದೇ ‘ಮನೆ’ಯು ಎರಡು ದೇಶಗಳಲ್ಲಿ ಎರಡು ಫಲ ಕೊಡುವುದೇಕೆ? ನೆದರ್ಲೆಂಡ್ಸಿನ ಮಿಡ್‌ವೈಫ್ ರಾಜ್ಯವ್ಯವಸ್ಥೆಯ ಅಂಗ. ಆಕೆ ಯಾರನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕು, ಯಾರನ್ನು ಯಾವಾಗ ಕಳುಹಿಸಬೇಕೆಂಬುದು ಲಿಖಿತವಾಗಿದೆ. ಆಸ್ಪತ್ರೆ ಹತ್ತಿರವಿದೆ, ಅಲ್ಲಿಯವರು ಆಕೆಯ ಮಾತನ್ನು ನಂಬುತ್ತಾರೆ. ಅಮೆರಿಕದಲ್ಲಿ ಮನೆಯ ಹೆರಿಗೆ ಮಾಡಿಸುವವರಿಗೂ ಆಸ್ಪತ್ರೆಯವರಿಗೂ ನಡುವೆ ಬಹುಕಾಲದಿಂದ ಬಳಕೆ ಕಡಮೆ. ಕಾಯುವವರಿಗೂ ಕೈಹಾಕುವವರಿಗೂ ನಡುವಣ ಈ ಸಂಬಂಧವೇ ಗೋಡೆ ಮಾಡುಗಳಿಗಿಂತ ಹೆಚ್ಚಾಗಿ ಫಲವನ್ನು ನಿರ್ಣಯಿಸುತ್ತದೆಂಬುದು ಈ ಲೇಖಕನಿಗೆ ಮನದಟ್ಟಾದ ಅಭಿಪ್ರಾಯ.

ನಮ್ಮ ನಾಡಿನ ಸ್ಥಿತಿ

ಆ ಸಂಬಂಧವೇ ನಮ್ಮಲ್ಲಿ ಇನ್ನೂ ಕುದುರಿಲ್ಲ. ಆರಂಭದಲ್ಲಿ ಹೇಳಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ನೂರಕ್ಕೆ ೪೭.೪, ಸರ್ಕಾರಿ ಆಸ್ಪತ್ರೆಗಳಲ್ಲಿ ೧೪.೩, ಎರಡರ ನಡುವಣ ಈ ಅಂತರವನ್ನು ಹೆಂಗಸರ ಶರೀರಭೇದದಿಂದ ವಿವರಿಸುವುದು ಅಶಕ್ಯ. ಖಾಸಗಿಯಲ್ಲಿ ಒಬ್ಬ ವೈದ್ಯರೇ ಹಗಲಿರುಳು ಹೊಣೆ ಹೊರುವುದರಿಂದ ಕಾಯುವುದಕ್ಕೆ ಬಿಡುವಿಲ್ಲ. ಸರ್ಕಾರಿಯಲ್ಲಿ ಕಾಯುವಿಕೆಯುಂಟು, ಆದರೆ ಸಾಲುಮಂಚಗಳ ನಡುವೆ ಜೊತೆಗಾರ್ತಿಗೆ ನಿಲ್ಲಲು ಎಡೆಯಿಲ್ಲ. ಹೆರಿಗೆಯ ವೇಳೆ ಆಪ್ತಳೊಬ್ಬಳನ್ನು ಒಳಗೆ ಬಿಡಬಹುದೆಂದು ಕೇಂದ್ರ ಸರ್ಕಾರವು ೨೦೧೬ರಲ್ಲಿ ಹೇಳಿದ್ದರೂ ಅದು ಎಲ್ಲೆಡೆ ಆಚರಣೆಗೆ ಬಂದಿಲ್ಲ. ೨೦೧೮ರ ರಾಷ್ಟ್ರೀಯ ಮಾರ್ಗಸೂಚಿಯು ದಾದಿಯರಿಗೆ ೧೮ ತಿಂಗಳ ವಿಶೇಷ ಶಿಕ್ಷಣವನ್ನು ಕೊಟ್ಟು ಮಿಡ್‌ವೈಫರ ಹೊಸ ವರ್ಗವನ್ನು ಸೃಷ್ಟಿಸಲು ಉದ್ದೇಶಿಸಿತು. ಹೈದರಾಬಾದಿನ ಫೆರ್ನಾಂಡೀಸ್ ಆಸ್ಪತ್ರೆಯು ೨೦೧೧ರಿಂದಲೇ ಇಂಥ ಶಿಕ್ಷಣವನ್ನು ನಡೆಸಿ, ಆಸ್ಪತ್ರೆಯ ಸೂರಿನಡಿಯಲ್ಲಿಯೇ ಮಿಡ್‌ವೈಫರು ಹೆರಿಗೆ ಮಾಡಿಸಬಲ್ಲರೆಂದು ತೋರಿಸಿದೆ.

ನಮಗೇ ವಿಶಿಷ್ಟವಾದ ತೊಡಕೊಂದಿದೆ. ಏಳನೆಯ ತಿಂಗಳವರೆಗೆ ಬೆಂಗಳೂರಿನಲ್ಲಿ ಒಬ್ಬ ವೈದ್ಯರ ಬಳಿ ತೋರಿಸಿಕೊಂಡವಳು ಸೀಮಂತ ಮುಗಿಸಿಕೊಂಡು ಹಾಸನಕ್ಕೋ ಶಿರಸಿಗೋ ತವರಿಗೆ ಹೊರಟಾಗ, ತಾಯಿಯ ಸಾನ್ನಿಧ್ಯವನ್ನು ಗಳಿಸುತ್ತಾಳೆ, ಪರಿಚಿತ ವೈದ್ಯರನ್ನು ಕಳೆದುಕೊಳ್ಳುತ್ತಾಳೆ. ಎರಡೂ ಪ್ರಸವಕ್ಕೆ ಹಿತವೆಂದು ಶಾಸ್ತ್ರ ಹೇಳುವಾಗ, ಒಂದನ್ನು ಕೊಟ್ಟು ಮತ್ತೊಂದನ್ನು ಕೊಳ್ಳುವ ಈ ವ್ಯವಹಾರವನ್ನು ನಮ್ಮ ಕುಟುಂಬಗಳು ವಿಚಾರಿಸದೆಯೇ ಮಾಡುತ್ತಿವೆ.

ಆರಿಸಿಕೊಳ್ಳುವವಳು ಕೇಳಬೇಕಾದದ್ದು

ಆದುದರಿಂದ ‘ನೀವು ನಾರ್ಮಲ್ ಡೆಲಿವರಿ ಮಾಡಿಸುತ್ತೀರಾ’ ಎಂಬ ಪ್ರಶ್ನೆಯಿಂದ ಪ್ರಯೋಜನ ಅಲ್ಪ; ಇಲ್ಲವೆಂದು ಹೇಳುವ ವೈದ್ಯರಿಲ್ಲ. ಚೊಚ್ಚಲಿನವರಲ್ಲಿ ಎಷ್ಟು ಮಂದಿಗೆ ಇಲ್ಲಿ ಸಿಸೇರಿಯನ್ ಆಗುತ್ತದೆ, ರಾತ್ರಿ ಎರಡು ಗಂಟೆಗೆ ಬಂದರೆ ಯಾರಿರುತ್ತಾರೆ, ನೀರು ಒಡೆದು ಬೇನೆ ಬರದಿದ್ದರೆ ಎಷ್ಟು ಹೊತ್ತು ಕಾಯುತ್ತೀರಿ, ನಡೆದಾಡಲೂ ಗಂಜಿ ಕುಡಿಯಲೂ ಬಿಡುತ್ತೀರಾ, ಮುಕ್ಕರಿಸುವಾಗ ಅಂಗಾತ ಮಲಗಲೇಬೇಕೇ, ಅಮ್ಮ ಒಳಗೆ ಬರಬಹುದೇ, ರಕ್ತ ಬೇಕಾದರೆ ಎಲ್ಲಿಂದ ಬರುತ್ತದೆ, ಇವೇ ಉತ್ತರದಿಂದ ಒಳಗನ್ನು ತೋರಿಸುವ ಪ್ರಶ್ನೆಗಳು. ಮಗುವಿನ ಎದೆಬಡಿತವನ್ನು ಹೇಗೆ ಗಮನಿಸುತ್ತೀರಿ ಎಂದು ಕೇಳಿದಾಗ, ಬೇನೆಯ ಮೊದಲ ಘಟ್ಟದಲ್ಲಿ ಕಾಲುಗಂಟೆಗೋ ಅರ್ಧಗಂಟೆಗೋ ಒಮ್ಮೆ, ಮುಕ್ಕರಿಸುವ ಘಟ್ಟದಲ್ಲಿ ಐದೈದು ನಿಮಿಷಕ್ಕೊಮ್ಮೆ ಕೇಳುತ್ತೇವೆಂದು ಉತ್ತರ ಬಂದರೆ, ಅಷ್ಟು ಸಲ ಹಾಸಿಗೆಯ ಬಳಿಗೆ ಬರುವಷ್ಟು ದಾದಿಯರು ಅಲ್ಲಿದ್ದಾರೆಂದು ಅರ್ಥ. ಯಂತ್ರದ ಪಟ್ಟಿ ಕಟ್ಟಿಬಿಡುತ್ತೇವೆಂದರೆ ಬಹುಶಃ ಇಲ್ಲವೆಂದು ಅರ್ಥ. ಮನೆಯಲ್ಲಿಯೇ ಹೆರುವೆನೆನ್ನುವವಳು ಕೇಳಬೇಕಾದದ್ದು ಇನ್ನೂ ಕಠಿಣ: ಬರುವವಳ ವಿದ್ಯಾಭ್ಯಾಸವೇನು, ಆಕೆಯ ಚೀಲದಲ್ಲಿ ಆಕ್ಸಿಟೋಸಿನ್ ಇದೆಯೇ, ಯಾವ ಆಸ್ಪತ್ರೆಯು ಆಕೆಯ ಕರೆಗೆ ಓಗೊಡುತ್ತದೆ?

ಇತ್ಯರ್ಥವಾಗದ ಸಂಗತಿಗಳು

ಇಷ್ಟೆಲ್ಲ ವಿಚಾರದ ಅನಂತರವೂ ಉಳಿಯುವ ಪ್ರಶ್ನೆಗಳು ಸಣ್ಣವಲ್ಲ. ಇಂಗ್ಲೆಂಡು, ನೆದರ್ಲೆಂಡ್ಸುಗಳ ಅಂಕಿಗಳು ಅಲ್ಲಿಯ ರಸ್ತೆ, ವಾಹನ, ವೃತ್ತಿಸಂಬಂಧಗಳ ಅಂಕಿಗಳೂ ಹೌದಾದ್ದರಿಂದ, ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ನಾಡಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುವುವೆಂಬುದು ಮೊದಲನೆಯದು. ಅಪಾಯವಿಲ್ಲದವಳೆಂದು ಮೊದಲೇ ಗುರುತಿಸುವ ಕ್ರಮವನ್ನು, ಆರಿಸಿದವರಲ್ಲಿಯೇ ಅರ್ಧಕ್ಕೆ ಸಮೀಪದ ಚೊಚ್ಚಲಿನವರನ್ನು ಸಾಗಿಸಬೇಕಾಗುವಾಗ, ಎಷ್ಟು ನಂಬಬಹುದೆಂಬುದು ಎರಡನೆಯದು. ಹೊಸ ಮಿಡ್‌ವೈಫರಿಗೆ ಸ್ವತಂತ್ರವಾಗಿ ನಿರ್ಣಯಿಸುವ ಅಧಿಕಾರವನ್ನು ವೈದ್ಯಸಮುದಾಯವು ಬಿಟ್ಟುಕೊಡುವುದೋ ಅಥವಾ ಅವರು ಹೆಸರು ಬದಲಾದ ದಾದಿಯರಾಗಿಯೇ ಉಳಿಯುವರೋ ಎಂಬುದು ಮೂರನೆಯದು. ಸೂಲಗಿತ್ತಿಯರ ಕೈಯ ವಿದ್ಯೆಯಲ್ಲಿ ಉಳಿಸಿಕೊಳ್ಳತಕ್ಕದ್ದನ್ನು ಈ ಹೊಸ ಮಿಡ್‌ವೈಫರ ಶಿಕ್ಷಣಕ್ಕೆ ಸೇರಿಸುವ ಮಾತನ್ನು ಯಾರೂ ಎತ್ತಿದಂತಿಲ್ಲ. ಕಾಯುವ ಗಂಟೆಗಳಿಗೆ ಬೆಲೆ ಕಟ್ಟದೆ ಕತ್ತಿಗೆ ಮಾತ್ರ ಬೆಲೆ ಕಟ್ಟುವ ವ್ಯವಸ್ಥೆಯಲ್ಲಿ ತಾಳ್ಮೆಯುಳ್ಳ ವೈದ್ಯರು ಎಷ್ಟು ಕಾಲ ಬಾಳುವರೆಂಬುದು ನಾಲ್ಕನೆಯದು.

ಕೊನೆಯ ಪ್ರಶ್ನೆಯು ನ್ಯಾಯಕ್ಕೆ ಸೇರಿದ್ದು. ನೋವಿನ ಔಷಧವನ್ನು ನಿರಾಕರಿಸುವ ಸ್ವಾತಂತ್ರ್ಯಕ್ಕೆ ಅರ್ಥ ಬರುವುದು, ಬಯಸಿದಾಗ ಅದು ದೊರೆಯುವಂತಿದ್ದರೆ. ಶ್ರೀಮಂತೆಯು ಹಣ ತೆತ್ತು ಪಡೆಯುವ ಔಷಧರಹಿತ ಪ್ರಸವವನ್ನು ಬಡವೆಯು ಹಣವಿಲ್ಲದ ಕಾರಣ ಅನುಭವಿಸುತ್ತಿರುವಾಗ, ಮೊದಲನೆಯವಳಿಗೆ ಏಕಾಂತವೂ ಜೊತೆಯೂ ದೊರೆತು ಎರಡನೆಯವಳಿಗೆ ಗದರಿಕೆ ಮಾತ್ರ ದೊರೆಯುತ್ತಿರುವಾಗ, ಸರ್ಕಾರವು ಮೊದಲು ಒದಗಿಸಬೇಕಾದದ್ದು ಎಪಿಡ್ಯೂರಲ್ಲೋ, ಪಕ್ಕದಲ್ಲಿ ನಿಲ್ಲುವ ಒಬ್ಬ ಪರಿಚಿತೆಯೋ? ಎರಡೂ ಬೇಕೆಂಬುದು ಸುಲಭದ ಉತ್ತರ. ಎರಡಕ್ಕೂ ಸಾಲದ ಹಣದಲ್ಲಿ ಯಾವುದು ಮೊದಲು ಎಂಬುದನ್ನು ವೈದ್ಯರಾಗಲಿ ಆಡಳಿತಗಾರರಾಗಲಿ, ಆ 
ಮಂಚದ ಮೇಲೆ ಹೆತ್ತವರನ್ನು ಕೇಳಿ ನಿರ್ಣಯಿಸುವ ಕಾರ್ಯವು ಇನ್ನೂ ಆರಂಭವಾಗಬೇಕಾಗಿದೆ.